ಆರು ತಿಂಗಳು ತುಂಬಿದ ಕೂಸು ಎಲ್ಲಿರಬೇಕು?

ಸಂಘಟಿತ ವಲಯದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮೊದಲ ಎರಡು ಹೆರಿಗೆಗೆ 26 ವಾರ ರಜೆ. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಕೂಸು ಯಾರ ಮಡಿಲಲ್ಲಿ? ಬ್ಯಾಂಕಿನ ಗುಮಾಸ್ತೆಗೂ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳಿಗೂ, ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗುವವಳಿಗೂ ಕಾಡುವುದು ಇದೇ ಪ್ರಶ್ನೆ. ಊರಿಂದ ಕರೆಸಿಕೊಂಡ ಅಜ್ಜಿ, ಮನೆಗೆ ಬರುವ ಆಯಾ, ಪಕ್ಕದ ಬೀದಿಯ ಬೇಬಿ ಸಿಟ್ಟಿಂಗ್, ಕಂಪನಿಯ ಕ್ರೆಶ್, ಪ್ಲೇ ಹೋಂ, ಪಂಚಾಯಿತಿಯ ಕೂಸಿನ ಮನೆ ಹೀಗೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಸಂಸಾರಗಳು ಆ ಎರಡೂವರೆ ವರ್ಷ ದಾಟುತ್ತವೆ.

ಇವುಗಳಲ್ಲಿ ಯಾವುದು ನಮ್ಮ ಮನೆಗೆ ಸರಿ ಎಂದು ತೂಗಿ ನೋಡುವ ಮೊದಲು, ಒಂದೊಂದೂ ಹುಟ್ಟಿದ್ದು ಯಾರಿಗಾಗಿ ಎಂದು ಕೇಳಬೇಕು ಅನ್ನಿಸುತ್ತದೆ. ಕೆಲವು ಹುಟ್ಟಿದ್ದು ತಾಯಿಯ ದುಡಿಮೆಯ ಹೊತ್ತಿಗಾಗಿ, ಕೆಲವು ಮಗುವಿನ ಹಸಿವಿಗಾಗಿ, ಇನ್ನು ಕೆಲವು ಅಕ್ಷರಕ್ಕಾಗಿ. ಹುಟ್ಟಿದ ಕಾರಣ ಇಂದಿಗೂ ಅವುಗಳ ಬಾಗಿಲು ತೆರೆಯುವ, ಮುಚ್ಚುವ ವೇಳೆಯನ್ನು ಆಳುತ್ತಿದೆ.

ಫಿರ್ಮಿನ್ ಮಾರ್ಬೋ ಎಂಬ ವಕೀಲ 1844ರಲ್ಲಿ ಪ್ಯಾರಿಸ್‌ನಲ್ಲಿ ಬಡ ಕೂಲಿಕಾರ ಹೆಂಗಸರ ಎಳೆಗೂಸುಗಳಿಗಾಗಿ ಮೊದಲ ಕ್ರೆಶ್ ತೆರೆದ. ತಾಯಂದಿರು ಕೆಲಸದ ನಡುವೆ ಬಂದು ಹಾಲೂಡಿಸಿ ಹೋಗುತ್ತಿದ್ದರು. ನಮ್ಮಲ್ಲಿಗೆ ಆ ಕಲ್ಪನೆ ಬಂದದ್ದು ಗಿರಣಿಗಳ ದಾರಿಯಲ್ಲಿ, ಅದೂ ನೆನೆದರೆ ಎದೆ ಹಿಂಡುವಂಥ ಸ್ಥಿತಿಯಲ್ಲಿ. ಕಳೆದ ಶತಮಾನದ ಮೊದಲ ದಶಕಗಳ ಮುಂಬೈನ ಹತ್ತಿ ಗಿರಣಿಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಕೆಲಸಕ್ಕೆ ಹೊರಡುವ ಮುನ್ನ ತಾಯಿ ಕೂಸಿನ ಬಾಯಿಗೆ ಅಫೀಮು ಬೆರೆಸಿದ ಪುಟ್ಟ ಗುಳಿಗೆ ಇಡುತ್ತಿದ್ದಳು. ಕೂಸು ಮಂಪರಿನಲ್ಲಿ ಚಾಳಿನ ಕತ್ತಲ ಕೋಣೆಯಲ್ಲಿ ಬಿದ್ದಿರುತ್ತಿತ್ತು. ಹಸಿದರೂ ಅಳದು, ಅತ್ತರೂ ಕೇಳುವವರಿಲ್ಲ. ಆ ತಾಯಿಯನ್ನು ದೂರುವುದು ಸುಲಭ. ಆದರೆ ಅವಳಿಗೆ ಇದ್ದ ಆಯ್ಕೆಗಳು ಎರಡೇ: ಕೂಲಿ ಬಿಡುವುದು, ಇಲ್ಲವೇ ಕೂಸನ್ನು ಮಲಗಿಸುವುದು.

ಭಾರತದ ಕಾರ್ಮಿಕರ ಸ್ಥಿತಿಗತಿ ಅರಿಯಲು ಬಂದ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಾಗ, ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಗೃಹ ಇರಬೇಕೆಂದಿತು. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ಇರುವಲ್ಲಿ ಅದನ್ನು ಕಡ್ಡಾಯ ಮಾಡಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. ಆ ಕಾಯ್ದೆಯಡಿ ಬಂದ ನಿಯಮಗಳನ್ನು ಓದಿದರೆ, ಬರೆದವರಿಗೆ ಮಕ್ಕಳ ಒಡನಾಟ ಇತ್ತು ಅನ್ನಿಸುತ್ತದೆ. ಮಗುವೊಂದಕ್ಕೆ ಇಷ್ಟು ಚದರಡಿ ಜಾಗ, ತೊಟ್ಟಿಲು ಅಥವಾ ಮಂಚ, ದಿನಕ್ಕೆ ಇಷ್ಟು ಶುದ್ಧ ಹಾಲು, ಹಾಲೂಡಿಸಲು ತಾಯಿಗೆ ಬಿಡುವು ಎಂದು ಒಂದೊಂದನ್ನೂ ಬರೆದಿಟ್ಟಿದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟ್‌ಗಳ ಲೈನ್ ಮನೆಗಳಿಗೂ ಶಿಶುಗೃಹ ಬಂತು.

ಕಾನೂನಿನ ತೊಡಕಿದ್ದದ್ದು ಆ ಸಂಖ್ಯೆಯಲ್ಲಿ. ಹೆಂಗಸರ ತಲೆ ಎಣಿಸಿ ಶಿಶುಗೃಹ ಎಂದಾಗ, ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಮಾಲೀಕನಿಗೆ ಹೆಚ್ಚುವರಿ ಖರ್ಚಾಗಿ ಕಾಣುತ್ತದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯ ನಿಜವಾದ ಹಿರಿಮೆ ಇಲ್ಲಿದೆ. 26 ವಾರದ ರಜೆಯನ್ನು ಎಲ್ಲರೂ ಕೊಂಡಾಡಿದರು. ಆದರೆ ಗಂಡು ಹೆಣ್ಣು ಎನ್ನದೆ 50 ಮಂದಿ ನೌಕರರಿದ್ದರೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದದ್ದು ಅದಕ್ಕಿಂತ ದೊಡ್ಡ ಮಾತು. ಕಂಪನಿ ಸೇರುವಾಗ ಸಂಬಳ, ಕ್ಯಾಬ್ ಬಗ್ಗೆ ವಿಚಾರಿಸುವ ನಾವು ಇದನ್ನೂ ಬಾಯಿಬಿಟ್ಟು ಕೇಳಬೇಕು. ತಂದೆಯಾಗಲಿರುವವರೂ ಕೇಳಬೇಕು.

ಗೋಡೆಯೇ ಇಲ್ಲದ ಕೆಲಸದ ಜಾಗದಲ್ಲಿ ಏನು ಮಾಡುವುದು? 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಜನ್ಮಶತಾಬ್ದಿಯ ಪ್ರದರ್ಶನಕ್ಕೆ ಕಟ್ಟೋಣ ನಡೆದಿತ್ತು. ಬಿಸಿಲಲ್ಲಿ, ಇಟ್ಟಿಗೆ ಜಲ್ಲಿಯ ನಡುವೆ ಮಲಗಿದ್ದ ಕೂಸುಗಳನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿ ಅವುಗಳನ್ನು ನೋಡಿಕೊಳ್ಳತೊಡಗಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಶುರುವಾದದ್ದು ಹಾಗೆ. ಕಟ್ಟಡ ಮುಗಿದರೆ ಕೂಲಿಕಾರರು ಮುಂದಿನ ನಿವೇಶನಕ್ಕೆ ಹೋಗುತ್ತಾರೆ, ಶಿಶುಗೃಹವೂ ಹಿಂದೆಯೇ ಹೊರಡುತ್ತದೆ. ಡೇರೆ ಹಾಕಿದ ಮೇಲೆ ಇನ್ನೊಂದು ಸತ್ಯ ಬಯಲಾಯಿತು. ಕೂಸುಗಳನ್ನು ಸೊಂಟದ ಮೇಲೆ ಹೊತ್ತು ಬಂದವರು ಏಳೆಂಟು ವರ್ಷದ ಅಕ್ಕಂದಿರು. ಅಲ್ಲಿಯವರೆಗೆ ಶಿಶುಪಾಲನೆ ನಡೆಸುತ್ತಿದ್ದವರು ಅವರೇ. ತೊಟ್ಟಿಲಿನ ಜೊತೆಗೆ ಬಾಲವಾಡಿ, ದೊಡ್ಡ ಮಕ್ಕಳಿಗೆ ಪಾಠ ಸೇರಿಕೊಂಡದ್ದು ಈ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳು ಶಾಲೆ ಬಿಟ್ಟ ಕಾರಣ ಕೇಳುತ್ತಾ ಹೋದರೆ, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಿತ್ತು ಎಂಬ ಉತ್ತರ ಇವತ್ತಿಗೂ ಸಿಗುತ್ತದೆ. ಊರಿಗೆ ಒಳ್ಳೆಯ ಶಿಶುಗೃಹ ಬಂದರೆ ಕೂಸು, ಅಕ್ಕ ಇಬ್ಬರ ಬದುಕೂ ನೇರವಾಗುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರಿರುವ ನಿವೇಶನದಲ್ಲಿ ಮಕ್ಕಳಿಗೆ ಕೊಠಡಿ ಕೊಡಬೇಕೆಂದಿತು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲಿರುವ ಸಂಸಾರಗಳು ದುಡಿಯುವುದು ಸಣ್ಣ ಮೇಸ್ತ್ರಿಗಳ ಕೈಕೆಳಗೆ. ಅಲ್ಲಿ 50ರ ಲೆಕ್ಕ ತುಂಬುವುದೇ ಅಪರೂಪ. ಸೀರೆಯ ಜೋಳಿಗೆ ಇನ್ನೂ ಪಿಲ್ಲರ್ ಕಂಬಿಗೆ ತೂಗುತ್ತಲೇ ಇದೆ.

ಹಳ್ಳಿಯ ಕಥೆ ಬೇರೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, 100 ಅಂಗನವಾಡಿಗಳಿಂದ ಕೆಲಸ ಶುರುವಾಯಿತು. ಪೂರಕ ಆಹಾರ, ಚುಚ್ಚುಮದ್ದು, ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಮೂರರಿಂದ ಆರರ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಅದರ ಕಾಯಕ. ಅಪೌಷ್ಟಿಕತೆಯ ವಿರುದ್ಧ ಅದು ಮಾಡಿದ ಕೆಲಸ ಬಹಳ ದೊಡ್ಡದು. 2006ರಲ್ಲಿ ಸುಪ್ರೀಂ ಕೋರ್ಟ್, ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಅಂಗನವಾಡಿ ಕೊಡಲೇಬೇಕು ಎಂದಿತು. ಆದರೆ ಅಂಗನವಾಡಿ ರೂಪುಗೊಂಡದ್ದು ಮಗುವಿನ ತಟ್ಟೆಗಾಗಿ, ತಾಯಿಯ ಗಡಿಯಾರಕ್ಕಾಗಿ ಅಲ್ಲ. ಮೂರು ವರ್ಷದೊಳಗಿನ ಕೂಸಿಗೆ ಪುಷ್ಟಿಯ ಪೊಟ್ಟಣ ಮನೆಗೆ ಬರುತ್ತದೆ, ಕೂಸು ಮನೆಯಲ್ಲೇ ಉಳಿಯುತ್ತದೆ. ದೊಡ್ಡ ಮಕ್ಕಳೂ ಕಳೆಗೆ ಹೋದ ಅವ್ವ ಬರುವ ಮೊದಲೇ ಮನೆಗೆ ವಾಪಸ್. ಒಬ್ಬ ಟೀಚರ್, ಒಬ್ಬ ಸಹಾಯಕಿ ತೂಕ ನೋಡಿ, ಅಡುಗೆ ಮಾಡಿ, ರಿಜಿಸ್ಟರ್ ತುಂಬಿ, ಸರ್ಕಾರ ಹೇಳಿದ ಸಮೀಕ್ಷೆಗೂ ಹೋಗಿ, ಎಳೆಗೂಸನ್ನೂ ಎತ್ತಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಕೇಂದ್ರ ಮುಚ್ಚಿದ ಮೇಲೆ ಮನೆಯಲ್ಲಿ ನೋಡಿಕೊಳ್ಳುವ ಹಿರಿಯರಿದ್ದರೆ ಮೂರು ದಾಟಿದ ಮಗುವಿಗೆ ಅಂಗನವಾಡಿ ಒಳ್ಳೆಯ ಜಾಗ. ಸಂಜೆಯವರೆಗೆ ದುಡಿಯುವ ಒಂಟಿ ತಾಯಿಗೆ ಅದೊಂದೇ ಸಾಲದು.

ಪೇಟೆಯ ಪ್ಲೇ ಹೋಂ ಇನ್ನೊಂದು ವಂಶದ್ದು. 1939ರಲ್ಲಿ ಮರಿಯಾ ಮಾಂಟೆಸ್ಸೊರಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಭಾರತದಲ್ಲೇ ಹಲವು ವರ್ಷ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ, ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಬಾಲಶಿಕ್ಷಣವನ್ನು ಬೆಳೆಸಿದರು. ಇವರೆಲ್ಲರ ಚಿಂತೆ ಮಗು ಹೇಗೆ ಕಲಿಯುತ್ತದೆ ಎಂಬುದು. ಅದಕ್ಕೆ ಬೆಳಗಿನ ಎರಡು ಮೂರು ಗಂಟೆ ಸಾಕು. ಈಗ ನಗರದ ಪ್ಲೇ ಹೋಂಗಳು ಅದೇ ಸೂರಿನಡಿ ಸಂಜೆ ಏಳರವರೆಗೂ ಡೇ ಕೇರ್ ನಡೆಸುತ್ತವೆ. ಬೆಳಿಗ್ಗೆ ತರಬೇತಿ ಪಡೆದ ಮಿಸ್ ಇರುತ್ತಾರೆ. ಮಧ್ಯಾಹ್ನ ಅವರು ಹೋದ ಮೇಲೆ ಯಾರಿರುತ್ತಾರೆ? ಅಡ್ಮಿಷನ್ ಕೇಳಲು ಹೋಗುವವರು ಬೆಳಗಿನ ಬಣ್ಣದ ಗೋಡೆ, ಹಾಡು ನೋಡಿ ಮೆಚ್ಚಿ ಬರುತ್ತಾರೆ. ಹೋಗಬೇಕಾದದ್ದು ಸಂಜೆ ನಾಲ್ಕರ ಸುಮಾರಿಗೆ, ಮೊದಲೇ ಹೇಳದೆ. ಮಕ್ಕಳು ನಿದ್ದೆಯಿಂದ ಏಳುವ ಹೊತ್ತದು. ಅಳುವ ಮಗುವನ್ನು ಯಾರು ಎತ್ತಿಕೊಂಡರು, ಒದ್ದೆ ಚಡ್ಡಿ ಎಷ್ಟು ಹೊತ್ತಿಗೆ ಬದಲಾಯಿತು, ಟಿವಿ ಓಡುತ್ತಿದೆಯೇ, ಕುಡಿಯುವ ನೀರು ಮಗುವಿನ ಕೈಗೆ ಎಟಕುತ್ತದೆಯೇ? ಅರ್ಧ ಗಂಟೆ ಕೂತರೆ ಎಲ್ಲವೂ ಕಾಣುತ್ತದೆ. ಕೂರಲು ಬಿಡದಿದ್ದರೆ ಅಲ್ಲಿಂದ ಎದ್ದು ಬರುವುದು ಮೇಲು. ಕ್ರೆಶ್‌ಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಆರೈಕೆದಾರರು ಎಂದಿದೆ. ಎಳೆಗೂಸುಗಳೇ ಹೆಚ್ಚಿದ್ದರೆ ಅದೂ ಕಡಿಮೆಯೇ.

ಈ ಎಲ್ಲ ವ್ಯವಸ್ಥೆಗಳ ನಡುವೆ ಬಿಟ್ಟುಹೋಗಿದ್ದ ಎರಡೂವರೆ ವರ್ಷವನ್ನು ಹಳ್ಳಿಯಲ್ಲಿ ತುಂಬಲು ಬಂದದ್ದು ಕರ್ನಾಟಕದ ಕೂಸಿನ ಮನೆ. ಗ್ರಾಮೀಣ ಉದ್ಯೋಗ ಖಾತರಿಯ ನರೇಗಾ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಐದು ಎಳೆಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂಬ ಮಾತಿತ್ತು. ಅದನ್ನು ಕೆರೆ ಏರಿಯ ನೆರಳಿನಿಂದ ಒಂದು ಕಟ್ಟಡದೊಳಕ್ಕೆ ತಂದು, 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯಲು ರಾಜ್ಯ ಸರ್ಕಾರ 2023ರಲ್ಲಿ ಹೊರಟಿತು. ಜಾಬ್ ಕಾರ್ಡ್ ಇರುವ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಲಾಯಿತು. ತಾಯಿಯ ಕೂಲಿ ಹೊತ್ತು, ಕೂಸಿನ ಊಟ ನಿದ್ದೆ ಎರಡನ್ನೂ ಒಂದೇ ಸೂರಿನಡಿ ಲೆಕ್ಕಕ್ಕೆ ತೆಗೆದುಕೊಂಡದ್ದು ಇದರ ಹೆಚ್ಚುಗಾರಿಕೆ.

ಕೊರತೆಯೂ ಅಲ್ಲೇ ಇದೆ. ಆರೈಕೆದಾರರ ಸಂಬಳ ಬಂದದ್ದು ನರೇಗಾದ ಬಾಬಿನಿಂದ. ಅಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತರಿ ಇದ್ದದ್ದು 100 ದಿನದ ಕೂಲಿ. ಹಾಗಾಗಿ ಆರೈಕೆದಾರರು ಸರದಿಯ ಮೇಲೆ ಬಂದು ಹೋಗಬೇಕಾಯಿತು. ಒಂದು ವರ್ಷದ ಮಗು ಒಬ್ಬಳ ದನಿಗೆ, ವಾಸನೆಗೆ, ತಟ್ಟಿ ಮಲಗಿಸುವ ರೀತಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವಳ ದಿನ ಮುಗಿದಿರುತ್ತಿತ್ತು. ಕೂಸಿನ ಮನೆಯ ಆರೈಕೆದಾರರಿಗೆ ವರ್ಷವಿಡೀ ಸಂಬಳ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ತಾಯಂದಿರ ಜೊತೆ ತಂದೆಯರೂ ಎದ್ದುನಿಂತು ಅದನ್ನು ಕೇಳಬೇಕು.