ಬಸುರಿನಲ್ಲಿ ಸೊಂಟದ ತಳದ ಸ್ನಾಯುಗಳ ಆರೈಕೆ

ಕೆಮ್ಮುವಾಗ, ಸೀನುವಾಗ, ಹುಲ್ಲಿನ ಹೊರೆ ಎತ್ತುವಾಗ ತಿಳಿಯದೆ ಮೂತ್ರ ಜಾರುವುದು ಅನೇಕ ಬಸುರಿಯರ ಅನುಭವ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. "ಹೆತ್ತವರಿಗೆಲ್ಲ ಇದು ಇದ್ದದ್ದೇ" ಎಂದು ಹಿರಿಯರು ಸಮಾಧಾನ ಹೇಳುವುದೂ ಉಂಟು. ಆದರೆ ಇದು ಸಹಿಸಿಕೊಂಡೇ ಇರಬೇಕಾದ ತೊಂದರೆಯಲ್ಲ.

ಕಾರಣವೇನು?

ಸೊಂಟದ ಎಲುಬಿನ ತಳದಲ್ಲಿ, ಮುಂದಿನಿಂದ ಹಿಂದಿನವರೆಗೆ, ಜೋಲಿಯ ಬಟ್ಟೆಯಂತೆ ಹರಡಿದ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುವುದು ಇವೇ. ಬಸುರಿನಲ್ಲಿ ಭಾರ ಹೆಚ್ಚಿ, ಮೈಯ ಕಟ್ಟುಗಳು ಸಡಿಲವಾಗಿ ಈ ಜೋಲಿ ಜಗ್ಗುತ್ತದೆ. ಹೆರಿಗೆಯಲ್ಲಿ ಇನ್ನಷ್ಟು ಹಿಗ್ಗುತ್ತದೆ. ಬಾಣಂತನದಲ್ಲಿ ಆರೈಕೆಯಿಲ್ಲದೆ ಭಾರ ಎತ್ತುತ್ತಾ ಹೋದರೆ ಮುಂದೆ ಗರ್ಭಕೋಶವೇ ಕೆಳಜಾರುವ ಅಪಾಯವಿದೆ.

ವ್ಯಾಯಾಮ ಹೇಗೆ?

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದ ವ್ಯಾಯಾಮಕ್ಕೆ ಖರ್ಚಿಲ್ಲ. ವಾಯು ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನೇ ಬಿಗಿಹಿಡಿದು ಮೇಲಕ್ಕೆ ಸೆಳೆಯಿರಿ. 5 ಎಣಿಸುವವರೆಗೆ ಹಿಡಿದು ಪೂರ್ತಿ ಸಡಿಲಬಿಡಿ. ರೂಢಿಯಾದಂತೆ 10 ಎಣಿಸುವವರೆಗೆ ಹಿಡಿಯಿರಿ. ಉಸಿರು ಕಟ್ಟಬೇಡಿ, ಹೊಟ್ಟೆ, ತೊಡೆಗಳನ್ನು ಬಿಗಿಮಾಡಬೇಡಿ. ಒಂದು ಸಲಕ್ಕೆ 8ರಿಂದ 10 ಬಾರಿಯಂತೆ ದಿನಕ್ಕೆ 3 ಸಲ ಮಾಡಿ. ಕುಳಿತು ಅಡಿಕೆ ಸುಲಿಯುವಾಗಲೂ ಮಾಡಬಹುದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಗುಣ ಕಾಣಲು ಸುಮಾರು 3 ತಿಂಗಳು ಬೇಕು, ಬೇಸರಿಸಿ ಬಿಡಬೇಡಿ. ಹೆರಿಗೆಯ ನಂತರ ವೈದ್ಯರನ್ನು ಕೇಳಿ ಪುನಃ ಆರಂಭಿಸಿ. ಸಿಸೇರಿಯನ್ ಆದವರಿಗೂ ಇದು ಬೇಕು.

ಇವೂ ನೆನಪಿರಲಿ

* ಸೊಪ್ಪಿನ ಹೊರೆ, ತುಂಬಿದ ಕೊಡಪಾನ, ಗೊಬ್ಬರದ ಬುಟ್ಟಿ ಎತ್ತಬೇಡಿ. ಸಣ್ಣ ಭಾರ ಎತ್ತುವಾಗಲೂ ಮೊದಲು ಸ್ನಾಯು ಬಿಗಿಹಿಡಿದು ಆಮೇಲೆ ಎತ್ತಿ. ಕೆಮ್ಮುವಾಗಲೂ ಹಾಗೆಯೇ.
* ಮಲಬದ್ಧತೆಯಾಗಿ ಮುಕ್ಕಿದರೆ ಈ ಸ್ನಾಯುಗಳಿಗೆ ಪೆಟ್ಟು. ಬಸಳೆ, ಹರಿವೆ, ಹಣ್ಣು ತಿನ್ನಿ. ಸಾಕಷ್ಟು ನೀರು ಕುಡಿಯಿರಿ. ಮೂತ್ರ ಜಾರೀತೆಂದು ನೀರು ಕಡಿಮೆ ಮಾಡಬೇಡಿ.
* ಉರಿಮೂತ್ರ, ಜ್ವರ, ರಕ್ತಸ್ರಾವ ಕಂಡರೆ ಅಥವಾ ಒಮ್ಮೆಲೇ ನೀರು ಹೋದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಅದು ಮೂತ್ರವಲ್ಲ, ನೆತ್ತಿನೀರು ಒಡೆದಿರಬಹುದು.

ಮನೆಯವರಿಗೊಂದು ಮಾತು

ಮಾತೆ ಮರಿಯಮ್ಮನವರು ಬಸುರಿ ಎಲಿಜಬೇತಮ್ಮನ ಮನೆಯಲ್ಲಿ ಸುಮಾರು 3 ತಿಂಗಳು ಉಳಿದರೆಂದು ಲೂಕನ ಶುಭಸಂದೇಶ ಹೇಳುತ್ತದೆ. ಬಸುರಿಯ ಜೊತೆಗಿರುವುದೂ ಸೇವೆಯೇ. ಹಟ್ಟಿಯ ಗೊಬ್ಬರ ತೆಗೆಯುವ, ಬಾವಿಯ ನೀರು ಸೇದುವ ಕೆಲಸವನ್ನು ಆ ಕೆಲವು ತಿಂಗಳು ಗಂಡಂದಿರು ವಹಿಸಿಕೊಳ್ಳಲಿ. ಅತ್ತೆಯಂದಿರು ತಮ್ಮ ಕಾಲದ ಕಷ್ಟವನ್ನು ಸೊಸೆಗೆ ಅಳತೆಗೋಲು ಮಾಡದಿರಲಿ. ತೊಂದರೆ ಇರುವವರು, ಹೆತ್ತು ವರ್ಷಗಳಾಗಿದ್ದರೂ, ಸಂಕೋಚಬಿಟ್ಟು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ.