ಬಿಸಿನೀರು, ಸೋಪು, ಆಲ್ಕೋಹಾಲ್ ಸುರಿದರೆ ಡ್ರೈವ್‌ವೇ ಮೇಲೆ ಮತ್ತೆ ಮಂಜುಗಡ್ಡೆ ಕಟ್ಟುವುದಿಲ್ಲವೇ?

ಅಮೆರಿಕ, ಕೆನಡಾದಲ್ಲಿ ಹಿಮ ಬೀಳಲು ಶುರುವಾದರೆ ಸಾಕು, ಒಂದು ಸಂದೇಶ ಗ್ರೂಪಿನಿಂದ ಗ್ರೂಪಿಗೆ ಓಡಾಡತೊಡಗುತ್ತದೆ: ಅರ್ಧ ಗ್ಯಾಲನ್ ಬಿಸಿನೀರಿಗೆ ಆರು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಕಾಲು ಕಪ್ ರಬ್ಬಿಂಗ್ ಆಲ್ಕೋಹಾಲ್ ಬೆರೆಸಿ ಡ್ರೈವ್‌ವೇಗೆ ಸುರಿಯಿರಿ, ಮಂಜುಗಡ್ಡೆ ಕರಗುತ್ತದೆ, ಮತ್ತೆ ಕಟ್ಟುವುದೇ ಇಲ್ಲ. ಡ್ರೈವ್‌ವೇ ಎಂದರೆ ರಸ್ತೆಯಿಂದ ಮನೆಯ ಗ್ಯಾರೇಜಿನವರೆಗಿನ ಕಾರಿನ ದಾರಿ. ಅದರ ಹಿಮ ತೆಗೆಯುವುದು ಮನೆಯವರದೇ ಕೆಲಸ. ಅಲ್ಲಿ ಕಾಲು ಜಾರಿದರೆ ಸೊಂಟವೋ ಮಣಿಕಟ್ಟೋ ಮುರಿಯಬಹುದು. ಹಾಗಾಗಿ ಈ ಸಲಹೆಯನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಆಲ್ಕೋಹಾಲ್ ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅಷ್ಟು ನಿಜ. ಆದರೆ ಪ್ರಮಾಣ ನೋಡಿ. ಅರ್ಧ ಗ್ಯಾಲನ್ ಎಂದರೆ ಸುಮಾರು 1.9 ಲೀಟರ್ ನೀರು. ಕಾಲು ಕಪ್ ಎಂದರೆ 60 ಮಿಲಿ. ಅಂಗಡಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಶೇ 70ರಷ್ಟು ಮಾತ್ರ ಆಲ್ಕೋಹಾಲ್ ಇರುತ್ತದೆ. ಇಷ್ಟು ತೆಳುವಾದ ಮಿಶ್ರಣ ಹೆಪ್ಪುಗಟ್ಟುವುದು ಮೈನಸ್ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ. ಹೊರಗೆ ಮೈನಸ್ 10 ಇರುವಾಗ ಇದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆರು ಹನಿ ಸೋಪಿನ ಪಾತ್ರವಂತೂ ಶೂನ್ಯ ಎಂದೇ ಹೇಳಬಹುದು.

ಹಾಗಾದರೆ ವಿಡಿಯೋದಲ್ಲಿ ಕರಗುವುದು ಹೇಗೆ? ಬಿಸಿನೀರಿನಿಂದ. ವಿಡಿಯೋ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಅರ್ಧ ಗಂಟೆಯಲ್ಲಿ ಆ ನೀರು ತೆಳ್ಳಗೆ ಹರಡಿ, ತಣಿದು, ಗಾಜಿನಂಥ ಪದರವಾಗುತ್ತದೆ. ಕೆಳಗಿನ ಕಪ್ಪು ಡಾಂಬರು ಹಾಗೇ ಕಾಣುವುದರಿಂದ ಮಂಜುಗಡ್ಡೆ ಇದೆಯೆಂದೇ ಗೊತ್ತಾಗುವುದಿಲ್ಲ. ಮೊದಲಿದ್ದದ್ದಕ್ಕಿಂತ ಇದೇ ಹೆಚ್ಚು ಅಪಾಯಕಾರಿ.

ಉಪ್ಪು ಬಿಸಿ ಮಾಡುತ್ತದೆಯೇ?

ಇಲ್ಲ. ನಮ್ಮೂರ ಕುಲ್ಫಿ ಮಾರುವವರಿಗೆ ಇದು ಗೊತ್ತು: ಐಸಿಗೆ ಉಪ್ಪು ಹಾಕಿದರೆ ಅದು ಇನ್ನಷ್ಟು ತಣ್ಣಗಾಗುತ್ತದೆ. ಉಪ್ಪುನೀರು ಹೆಪ್ಪುಗಟ್ಟಲು ಹೆಚ್ಚಿನ ಚಳಿ ಬೇಕು, ಅದಕ್ಕೇ ಉಪ್ಪು ಬಿದ್ದಲ್ಲಿ ಮಂಜುಗಡ್ಡೆ ಕರಗುತ್ತದೆ. ಆದರೆ ಸಾಮಾನ್ಯ ಉಪ್ಪು ಮೈನಸ್ 9 ಡಿಗ್ರಿಯವರೆಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿಯಲ್ಲಿ ಮೂಟೆಗಟ್ಟಲೆ ಸುರಿದರೂ ಹೆಚ್ಚು ಪ್ರಯೋಜನವಿಲ್ಲ. ಆಗ ಬೇಕಾದದ್ದು ಕ್ಯಾಲ್ಸಿಯಂ ಕ್ಲೋರೈಡ್. ಕರಗುವಾಗ ನಿಜವಾಗಿಯೂ ಶಾಖ ಬಿಡುವುದು ಇದು. ಬೆಲೆ ಮಾತ್ರ ಜಾಸ್ತಿ. ಇಲ್ಲವೇ ಒಂದಿಷ್ಟು ಮರಳು ಎರಚಿ. ಅದು ಏನನ್ನೂ ಕರಗಿಸದು, ಆದರೆ ಕಾಲಿಗೆ ಹಿಡಿತ ಕೊಡುತ್ತದೆ.

ಮೊದಲು ಹಿಮ ಗೋರಿ ತೆಗೆದು, ಉಳಿದ ಪದರಕ್ಕಷ್ಟೇ ಉಪ್ಪು ಹಾಕಬೇಕು. 20 ಅಡಿ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು ಎನ್ನುತ್ತದೆ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ. ಹೆಚ್ಚಾದದ್ದು ಕೆರೆ ಸೇರುತ್ತದೆ, ಅಲ್ಲಿಂದ ಅದನ್ನು ಹೊರತೆಗೆಯುವ ಸುಲಭದ ದಾರಿ ಯಾವುದೂ ಇಲ್ಲ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪೇ ಬೇಡ, ಮೇಲ್ಪದರ ಚಕ್ಕೆಯೇಳುತ್ತದೆ.

ಬಿರುಕು ಮುಚ್ಚುವ ಕೆಲಸ ಮಾತ್ರ ಹಿಮ ಬೀಳುವ ಮುಂಚೆ, ಸೆಪ್ಟೆಂಬರ್ ಹೊತ್ತಿಗೇ ಆಗಬೇಕು. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ನಡೆದಂತೆಲ್ಲ ಕೂದಲೆಳೆಯಷ್ಟಿದ್ದ ಸೀಳು ಬೆರಳು ತೂರುವಷ್ಟಾಗುತ್ತದೆ.

ಯಾರೂ ಫಾರ್ವರ್ಡ್ ಮಾಡದ ಅಪಾಯ

ಮಕ್ಕಳ ಮನೆಗೆ ಹೋದ ಅಪ್ಪಂದಿರು "ನಾನೇ ತೆಗೀತೀನಿ ಬಿಡು" ಎಂದು ಬೆಳಿಗ್ಗೆಯೇ ಸಲಿಕೆ ಹಿಡಿಯುವುದುಂಟು. ಒದ್ದೆ ಹಿಮ ನೋಡಲು ಹತ್ತಿಯಂತಿದ್ದರೂ ಎತ್ತಿದರೆ ಕಲ್ಲಿನಂತೆ ಭಾರ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಅದರ ಮೇಲೆ ಈ ಶ್ರಮ. ಭಾರಿ ಹಿಮಪಾತದ ಮರುದಿನ ಗಂಡಸರಲ್ಲಿ ಹೃದಯಾಘಾತ ಹೆಚ್ಚುವುದನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಸ್ಪತ್ರೆ ದಾಖಲೆಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಈ ಕೆಲಸವನ್ನು ಮಕ್ಕಳಿಗೋ ಯಂತ್ರಕ್ಕೋ ಬಿಡಲಿ. ಉಳಿದವರು ಎತ್ತಿ ಎಸೆಯುವ ಬದಲು ಪಕ್ಕಕ್ಕೆ ತಳ್ಳಿ, ಆಗಾಗ ಒಳಗೆ ಬಂದು ಕುಳಿತುಕೊಳ್ಳಿ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋವು ಬಂದರೆ, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸುಮ್ಮನಾಗದೆ ತಕ್ಷಣ 911ಕ್ಕೆ ಕರೆ ಮಾಡಿ.