ಹೊರನೆಲದ ಒಂದು ಅಂಕ

ಕಾಲ್ಚೆಂಡಿನ ತಂಡವೊಂದು ಪರಸ್ಥಳಕ್ಕೆ ಹೋಗಿ, ಗೆಲ್ಲದೆಯೂ ಸೋಲದೆಯೂ, ಸಮಸಮವಾಗಿ ಪಂದ್ಯವನ್ನು ಮುಗಿಸಿ ಹಿಂದಿರುಗಿತೆಂದರೆ, ಅದರ ಅಭಿಮಾನಿಗಳು ಆ ರಾತ್ರಿಯೇ ಎರಡು ಪಕ್ಷವಾಗುವರು. ಎದುರಾಳಿಯ ಅಂಗಳದಲ್ಲಿ ನಿಂತು ಒಂದು ಅಂಕವನ್ನು ದೊರಕಿಸಿಕೊಂಡದ್ದೇ ದೊಡ್ಡದೆಂಬುದು ಒಂದು ಪಕ್ಷ. ಬರಬೇಕಾಗಿದ್ದ ಎರಡು ಅಂಕಗಳು ಕೈಬಿಟ್ಟು ಹೋದುವಲ್ಲಾ ಎಂಬುದು ಇನ್ನೊಂದು ಪಕ್ಷ. ಮೊದಲನೆಯವರನ್ನು ಎರಡನೆಯವರು ಅಲ್ಪತೃಪ್ತರೆಂದು ಹಳಿಯುವರು. ಎರಡನೆಯವರನ್ನು ಮೊದಲನೆಯವರು ದುರಾಶೆಯವರೆಂದು ಜರೆಯುವರು. ಋತುವಿನ ಕಡೆಯ ವಾರಗಳು ಸಮೀಪಿಸಿ, ಪ್ಲೇ-ಆಫ್ ಪಂದ್ಯಗಳಲ್ಲಿ ತಮ್ಮ ತಂಡಕ್ಕೆ ಎಡೆ ದೊರೆಯುವುದೋ ಇಲ್ಲವೋ ಎಂಬ ಸಂದೇಹವು ಹುಟ್ಟಿತೆಂದರೆ, ಈ ವಾದಕ್ಕೆ ಎಲ್ಲೆಯೇ ಇಲ್ಲ.

೨೦೧೩ನೆಯ ಇಸವಿಯಲ್ಲಿ ಬೆಂಗಳೂರು ಎಫ್.ಸಿ. ತಂಡವು ಸ್ಥಾಪಿತವಾದಂದಿನಿಂದ ನಮ್ಮ ನಾಡಿನಲ್ಲಿಯೂ ಈ ವಾದವು ಬೇರುಬಿಟ್ಟಿದೆ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಪಾರ್ಶ್ವವನ್ನು ತಮ್ಮದಾಗಿ ಮಾಡಿಕೊಂಡ ‘ವೆಸ್ಟ್ ಬ್ಲಾಕ್ ಬ್ಲೂಸ್’ ಸಂಘದವರಲ್ಲಿ ಮಾತ್ರವೇ ಇದು ನಡೆಯುವುದೆಂದು ತಿಳಿಯಬೇಕಾಗಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಐದು ಗರ್ಭಗುಡಿಗಳನ್ನು ಒಂದೇ ಸಾಲಿನಲ್ಲಿ ಹೊಂದಿರುವ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯದಿಂದ ಹೆಸರಾದ ಗೋವಿಂದನಹಳ್ಳಿಯಂತಹ ಗ್ರಾಮದಲ್ಲಿ, ಮೊಬೈಲಿನ ಪರದೆಯ ಮೇಲೆ ಆಟವನ್ನು ನೋಡುವ ತರುಣನಿಗೂ ಇದು ತನ್ನದೇ ವಾದ. ಆದಕಾರಣ ಹೊರನೆಲದ ಸಮಕ್ಕೆ ನಿಜವಾಗಿ ಬೆಲೆಯೇನೆಂಬುದನ್ನು ಸ್ವಲ್ಪ ಸಾವಧಾನದಿಂದ ವಿಚಾರಿಸಿ ನೋಡುವುದು ಉಚಿತವಾಗಿದೆ.

ಮೊದಲು ಲೆಕ್ಕವನ್ನು ನೋಡೋಣ. ಪೂರ್ವದಲ್ಲಿ ಗೆಲುವಿಗೆ ಎರಡು ಅಂಕಗಳೂ ಸಮಕ್ಕೆ ಒಂದು ಅಂಕವೂ ಸಲ್ಲುತ್ತಿದ್ದುವು. ಸಮವೆಂದರೆ ಗೆಲುವಿನಲ್ಲಿ ಅರ್ಧಪಾಲು. ಆಟಗಾರರು ಅರ್ಧಪಾಲಿಗೆ ತೃಪ್ತರಾಗಿ ಗೋಲು ಹೊಡೆಯುವ ಉತ್ಸಾಹವನ್ನೇ ಕಳೆದುಕೊಳ್ಳುವರೆಂದು, ಇಂಗ್ಲೆಂಡಿನ ಲೀಗಿನವರು ೧೯೮೧ರಲ್ಲಿ ಗೆಲುವಿಗೆ ಮೂರು ಅಂಕಗಳನ್ನು ಗೊತ್ತುಮಾಡಿದರು. ೧೯೯೪ರ ವಿಶ್ವಕಪ್ಪಿನಲ್ಲಿ ಅದೇ ಕ್ರಮವು ಬಂದು, ಬಳಿಕ ಎಲ್ಲೆಡೆಯೂ ರೂಢವಾಯಿತು. ಇದರ ಫಲವೇನು? ಮೂರು ಪಂದ್ಯಗಳನ್ನು ಸಮಮಾಡಿಕೊಂಡ ತಂಡವೂ, ಒಂದನ್ನು ಗೆದ್ದು ಎರಡನ್ನು ಸೋತ ತಂಡವೂ ಇಂದು ಒಂದೇ ಮಟ್ಟದಲ್ಲಿ ನಿಲ್ಲುವುವು. ಹಳೆಯ ಕ್ರಮದಲ್ಲಾದರೆ ಮೊದಲನೆಯದು ಒಂದು ಅಂಕದಿಂದ ಮುಂದಿರುತ್ತಿತ್ತು. ಸಮದ ಬೆಲೆಯು ಇಳಿದಿದೆಯೆಂಬುದು ನಿರ್ವಿವಾದ. ಅಸಮಾಧಾನ ಪಕ್ಷದವರಿಗೆ ಇದೇ ಮುಖ್ಯಾಧಾರ.

ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಗೆಲುವು ಸೋಲುಗಳಿಂದ ತೀರ್ಮಾನವಾದ ಪಂದ್ಯದಲ್ಲಿ ಒಟ್ಟು ಮೂರು ಅಂಕಗಳು ಹಂಚಿಕೆಯಾಗುವುವು. ಸಮವಾದ ಪಂದ್ಯದಲ್ಲಿ ಇಬ್ಬರಿಗೂ ಸೇರಿ ಎರಡೇ. ಉಳಿದ ಒಂದು ಅಂಕವು ಯಾರ ಉಡಿಯನ್ನೂ ಸೇರದೆ ಹೋಗುವುದು. ಅದರ ಲಾಭವು ಆ ದಿನ ಮೈದಾನಕ್ಕೇ ಇಳಿಯದ ಮೂರನೆಯ ತಂಡಕ್ಕೆ. ಎದುರಾಳಿಯು ಪಟ್ಟಿಯಲ್ಲಿ ನಮ್ಮ ನೆರೆಯವನಾಗಿ ನಮ್ಮ ಸ್ಥಾನಕ್ಕೇ ಕಣ್ಣಿಟ್ಟವನಾಗಿದ್ದರೆ, ಅವನ ಮನೆಯಲ್ಲಿಯೇ ಅವನಿಗೆ ಎರಡು ಅಂಕಗಳನ್ನು ತಪ್ಪಿಸಿದ್ದು ನಮಗೆ ಲಾಭವೇ ಸರಿ. ಎದುರಾಳಿಯು ಪಟ್ಟಿಯ ತಳದಲ್ಲಿದ್ದರೆ, ಅವನೊಡನೆ ಸಮಮಾಡಿಕೊಂಡು ಬಂದುದನ್ನು ಸಾಧನೆಯೆಂದು ಹೊಗಳುವುದು ಆತ್ಮವಂಚನೆ. ಆಟದ ಫಲ ಒಂದೇ ಆದರೂ ಅದರ ಅರ್ಥವು ಪಂದ್ಯದಿಂದ ಪಂದ್ಯಕ್ಕೆ ಬೇರೆಯಾಗುವುದೆಂಬುದಕ್ಕೆ ನಮ್ಮ ಬೆಂಗಳೂರಿನ ಅನುಭವದಲ್ಲಿಯೇ ನಿದರ್ಶನಗಳುಂಟು.

೨೦೧೫ನೆಯ ಇಸವಿ ಮೇ ೩೧ರ ಸಾಯಂಕಾಲವನ್ನು ಕಂಠೀರವದಲ್ಲಿದ್ದವರು ಮರೆತಿರಲಾರರು. ಅದು ಐ-ಲೀಗಿನ ಕಡೆಯ ಪಂದ್ಯ. ಕೊಲ್ಕತ್ತೆಯ ಮೋಹನ್ ಬಾಗಾನ್ ತಂಡಕ್ಕೆ ೩೮ ಅಂಕಗಳು, ಹಿಂದಿನ ವರ್ಷದ ವಿಜೇತರಾದ ಬೆಂಗಳೂರಿನವರಿಗೆ ೩೬. ಬೆಂಗಳೂರು ಗೆದ್ದರೆ ಕಿರೀಟವು ಇಲ್ಲಿಯೇ ಉಳಿಯುವುದು. ಬಾಗಾನಿನವರಿಗೆ ಸಮವಾದರೂ ಸಾಕು. ೪೧ನೆಯ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಕ್ರೀಡಾಂಗಣವೆಲ್ಲ ಹರ್ಷದಿಂದ ಮೊರೆಯಿತು. ೮೭ನೆಯ ನಿಮಿಷದಲ್ಲಿ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ತೂರಿದನು. ಪಂದ್ಯವು ೧–೧ರಲ್ಲಿ ಮುಗಿದು, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. ಹದಿಮೂರು ವರ್ಷಗಳಿಂದ ರಾಷ್ಟ್ರೀಯ ಲೀಗನ್ನು ಕಾಣದಿದ್ದ ಬಾಗಾನಿನವರು ಹೊರನೆಲದ ಒಂದೇ ಒಂದು ಅಂಕದಿಂದ ವಿಜೇತರಾದರು. ಪರಸ್ಥಳದ ಸಮವು ಅಲ್ಪವೆಂದು ಹೇಳುವವರು ಆ ದಿನ ಕೊಲ್ಕತ್ತೆಗೆ ಹೋಗಿ ಹೇಳಿದ್ದರೆ ಯಾರು ಕೇಳುತ್ತಿದ್ದರು?

ಮರುವರ್ಷ ಅದೇ ವಿದ್ಯೆಯು ಬೆಂಗಳೂರಿಗೆ ಒದಗಿತು. ಎ.ಎಫ್.ಸಿ. ಕಪ್ಪಿನ ಉಪಾಂತ್ಯದಲ್ಲಿ ಎದುರಾದವರು ಹಿಂದಿನ ವರ್ಷ ಅದೇ ಕಪ್ಪನ್ನು ಗೆದ್ದಿದ್ದ ಮಲೇಶಿಯದ ಜೋಹೋರ್ ದಾರುಲ್ ತಾಜಿಮ್ ತಂಡದವರು. ಗುಂಪಿನ ಹಂತದಲ್ಲಿ ಬೆಂಗಳೂರನ್ನು ಸೋಲಿಸಿದ್ದವರೂ ಇವರೇ. ೨೦೧೬ರ ಸೆಪ್ಟೆಂಬರ್ ೨೮ರಂದು ಜೋಹೋರ್ ಬಾರುವಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಯೂಜೀನ್‌ಸನ್ ಲಿಂಗ್ಡೋ ಹೊಡೆದ ಗೋಲಿನಿಂದ ಬೆಂಗಳೂರು ೧–೧ರ ಸಮವನ್ನು ಸಾಧಿಸಿತು. ಎರಡು ಪಂದ್ಯಗಳ ಒಟ್ಟು ಗೋಲುಗಳು ಸರಿಹೋದ ಪಕ್ಷದಲ್ಲಿ, ಹೊರನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದೆ ಸಾಗತಕ್ಕದ್ದೆಂಬ ನಿಯಮವು ಆಗ ಇದ್ದಿತು. ಯೂರೋಪಿನವರು ೨೦೨೧ರಲ್ಲಿಯೂ ಏಷ್ಯಾದವರು ೨೦೨೩ರಲ್ಲಿಯೂ ಅದನ್ನು ಕೈಬಿಟ್ಟರು. ಆ ನಿಯಮದ ಮೇರೆಗೆ ತವರಿನಲ್ಲಿ ಗೋಲಿಲ್ಲದ ಸಮವಾದರೂ ಬೆಂಗಳೂರಿಗೆ ಸಾಕಾಗಿತ್ತು. ಆದರೂ ತಂಡದವರು ಅಷ್ಟಕ್ಕೇ ಕೈಕಟ್ಟಿ ಕೂರಲಿಲ್ಲ. ಅಕ್ಟೋಬರ್ ೧೯ರಂದು ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟರೂ ಎದೆಗುಂದದೆ, ಸುನಿಲ್ ಛೇತ್ರಿಯ ಎರಡು ಗೋಲುಗಳಿಂದಲೂ ಹುಆನಾನನ ಒಂದು ಗೋಲಿನಿಂದಲೂ ೩–೧ರಿಂದ ಗೆದ್ದು, ಆ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿದರು. ನವೆಂಬರ್ ೫ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ತಂಡದೆದುರು ಒಂದು ಗೋಲಿನಿಂದ ಸೋತರೆಂಬುದು ಬೇರೆಯ ಮಾತು.

ಎರಡೂ ಪಂದ್ಯಗಳ ಫಲ ೧–೧. ಒಂದು ನಮ್ಮ ಕಿರೀಟವನ್ನು ಕಳೆಯಿತು. ಇನ್ನೊಂದು ನಮ್ಮನ್ನು ಏಷ್ಯಾಖಂಡದ ಅಂತಿಮ ಪಂದ್ಯದವರೆಗೆ ಒಯ್ದಿತು. ರೈತನು ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ವಾಚಕರು ಬಲ್ಲರು. ಅದನ್ನು ಉಂಡರೆ ಎರಡು ಹೊತ್ತಿಗೆ ಸಾಲದು. ಹದನೋಡಿ ಬಿತ್ತಿದರೆ ಮನೆಮಂದಿಗೆಲ್ಲ ವರುಷದ ಅನ್ನ. ಹೊರನೆಲದಿಂದ ತಂದ ಅಂಕವೂ ಇಂತಹ ಬಿತ್ತನೆಯ ಕಾಳೇ. ಅದು ಹೆಚ್ಚೋ ಕಡಮೆಯೋ ಎಂಬುದು ಅದನ್ನು ತಂದ ರಾತ್ರಿಯಲ್ಲಿ ತೀರ್ಮಾನವಾಗತಕ್ಕ ವಿಷಯವಲ್ಲ. ಮುಂದಿನ ತವರಿನ ಪಂದ್ಯದಲ್ಲಿ ತೀರ್ಮಾನವಾಗತಕ್ಕದ್ದು.

ಇನ್ನು ಪ್ಲೇ-ಆಫಿನ ಆಶೆಯ ವಿಚಾರ. ಇಂಡಿಯನ್ ಸೂಪರ್ ಲೀಗಿನಲ್ಲಿ ೨೦೨೨-೨೩ರ ಋತುವಿನಿಂದ ಆರು ತಂಡಗಳಿಗೆ ಅವಕಾಶವಾಯಿತು. ಮೊದಲಿಬ್ಬರು ನೇರವಾಗಿ ಉಪಾಂತ್ಯಕ್ಕೆ, ಮೂರರಿಂದ ಆರರವರೆಗಿನವರು ಒಂದೊಂದು ಪಂದ್ಯದ ಪರೀಕ್ಷೆಗೆ. ಆ ಋತುವಿನಲ್ಲಿ ಆರಂಭದಲ್ಲಿ ಮುಗ್ಗರಿಸಿ ಜನರ ಆಶೆಯನ್ನೇ ಬತ್ತಿಸಿದ್ದ ಬೆಂಗಳೂರು, ಲೀಗಿನ ಕಡೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೆಯ ಸ್ಥಾನವನ್ನು ಹಿಡಿಯಿತು. ೨೦೨೪-೨೫ರಲ್ಲಿ ಇನ್ನೊಂದು ವಿಚಿತ್ರವು ಕಂಡುಬಂದಿತು. ಬೆಂಗಳೂರು, ಈಶಾನ್ಯದ ನಾರ್ತ್‌ಈಸ್ಟ್ ಯುನೈಟೆಡ್, ಜಮ್‌ಷೆಡ್‌ಪುರ—ಈ ಮೂರೂ ತಂಡಗಳು ೨೪ ಪಂದ್ಯಗಳಿಂದ ತಲಾ ೩೮ ಅಂಕಗಳನ್ನು ಗಳಿಸಿದುವು. ಈಶಾನ್ಯದವರು ಹತ್ತು ಗೆಲುವು ಎಂಟು ಸಮಗಳಿಂದ ಅಲ್ಲಿಗೆ ತಲಪಿದರೆ, ಜಮ್‌ಷೆಡ್‌ಪುರದವರು ಹನ್ನೆರಡು ಗೆಲುವು ಎರಡೇ ಸಮಗಳಿಂದ ತಲಪಿದರು. ಬೆಂಗಳೂರಿನವರು ಹನ್ನೊಂದು ಗೆಲುವು ಐದು ಸಮಗಳಿಂದ ನಡುವಣ ದಾರಿಯನ್ನು ಹಿಡಿದರು. ಬೆಂಗಳೂರಿನವರಿಗೆ ಒಂದು ಅಂಕ ಕಡಮೆಯಾಗಿದ್ದರೂ ಸರದಿಯು ಬದಲಾಗುತ್ತಿತ್ತು. ಹನಿಗೂಡಿದರೆ ಹಳ್ಳವೆಂಬ ನಮ್ಮವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕೆ?

ಆ ಸಲ ಮೂರನೆಯ ಸ್ಥಾನದಲ್ಲಿದ್ದ ಬೆಂಗಳೂರು ಪ್ಲೇ-ಆಫಿನಲ್ಲಿ ಮುಂಬಯಿಯನ್ನು ತವರಿನಲ್ಲಿ ೫–೦ರಿಂದ ಸೋಲಿಸಿತು. ಉಪಾಂತ್ಯದಲ್ಲಿ ಗೋವೆಯನ್ನು ತವರಿನಲ್ಲಿ ೨–೦ರಿಂದ ಗೆದ್ದು, ಗೋವೆಯ ನೆಲದಲ್ಲಿ ೧–೨ರಿಂದ ಸೋತರೂ, ಕಡೆಯ ಕ್ಷಣದಲ್ಲಿ ಛೇತ್ರಿ ಹೊಡೆದ ಗೋಲಿನಿಂದ ಒಟ್ಟು ಲೆಕ್ಕದಲ್ಲಿ ಮೇಲಾಯಿತು. ಹೊರನೆಲದ ಸೋಲೂ ಒಮ್ಮೊಮ್ಮೆ ಸಾರ್ಥಕವಾಗಬಹುದು. ತವರಿನಲ್ಲಿ ಮೊದಲೇ ಕೂಡಿಟ್ಟ ಬಲವಿದ್ದರೆ ಮಾತ್ರ. ೨೦೨೫ರ ಏಪ್ರಿಲ್ ೧೨ರಂದು ಕೊಲ್ಕತ್ತೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನಿನವರು ಹೆಚ್ಚುವರಿ ವೇಳೆಯಲ್ಲಿ ೨–೧ರಿಂದ ಗೆದ್ದರು.

ಹೀಗಿರಲಾಗಿ, ತವರಿನ ಬಲವೆಂದರೇನೆಂಬ ಪ್ರಶ್ನೆಯು ಏಳುವುದು. ತಂಡಕ್ಕೆ ತವರು ಕಂಠೀರವ; ಅಭಿಮಾನಿಗೆ ತವರು ಯಾವುದು? ಗೋವಿಂದನಹಳ್ಳಿಯಿಂದ ಬೆಂಗಳೂರಿಗೆ ಸುಮಾರು ೧೫೦ ಕಿಲೋಮೀಟರು. ಪಂದ್ಯಗಳು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿ ನಡೆಯತಕ್ಕವು. ನೋಡಲು ಹೋದ ಹಳ್ಳಿಗನು ಆ ರಾತ್ರಿ ಊರು ಸೇರುವುದು ದುಸ್ತರ. ಬೆಳಗಿನ ಹಾಲು ಕರೆಯುವ, ಗದ್ದೆಗೆ ನೀರು ಕಟ್ಟುವ ಕೆಲಸಗಳು ಯಾರನ್ನೂ ಕಾಯುವುದಿಲ್ಲ. ಅವನಿಗೆ ತವರಿನ ಪಂದ್ಯವೂ ಪರಸ್ಥಳದ ಪಂದ್ಯವೇ; ಬೆಂಗಳೂರಿನಲ್ಲಿ ನಡೆದರೂ ಕೊಲ್ಕತ್ತೆಯಲ್ಲಿ ನಡೆದರೂ ಅವನ ಪಾಲಿಗೆ ಬರುವುದು ಅಂಗೈಯಗಲದ ಪರದೆ. ಆದರೂ ಅವನು ‘ನಮ್ಮ ತಂಡ’ ಎನ್ನುವನು. ಈ ‘ನಮ್ಮ’ ಎಂಬ ಪದವು ಬಿಟ್ಟಿಯಾಗಿ ಬಂದುದಲ್ಲ. ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬಿಳಿಯರ ಪಲ್ಟನುಗಳ ಕೈಯಿಂದ ಬಿಡಿಸಿ ತಂದ ಮೊದಲ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದು ಅವರದೇ ಆಯಿತು. ೧೯೪೬-೪೭ರಲ್ಲಿ ಮೈಸೂರಿನವರು ವಂಗದವರನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದರು. ೧೯೬೮-೬೯ರ ನಂತರ ಕೈತಪ್ಪಿಹೋಗಿದ್ದ ಆ ಟ್ರೋಫಿಯನ್ನು ಕರ್ನಾಟಕದವರು ೨೦೨೩ರ ಮಾರ್ಚ್ ೪ರಂದು ರಿಯಾಧ್ ನಗರದಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿ ಮರಳಿ ತಂದರು. ಮೈಸೂರು, ಕರ್ನಾಟಕ ಎಂಬ ಹೆಸರುಗಳನ್ನು ಎದೆಯ ಮೇಲೆ ಧರಿಸಿ ಆಡಿದ ಈ ಪರಂಪರೆಯಲ್ಲಿ ಹಳ್ಳಿಗನಿಗೂ ಹಕ್ಕುಂಟು.

ಹಕ್ಕಿರುವೆಡೆಯಲ್ಲಿ ಕರ್ತವ್ಯವೂ ಇರತಕ್ಕದ್ದು. ಅದು ಎರಡೂ ಕಡೆಗೆ ಸಲ್ಲುವುದು. ತಂಡದ ಒಡೆಯರೂ ರಾಜ್ಯದ ಕಾಲ್ಚೆಂಡು ಸಂಸ್ಥೆಯವರೂ ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಕರ್ನಾಟಕದ ಗಡಿಯೆಂದು ಭಾವಿಸಬಾರದು. ಋತುವಿನ ಮೊದಲು ಅಭ್ಯಾಸಕ್ಕಾಗಿ ಆಡುವ ಪಂದ್ಯಗಳಲ್ಲಿ ಒಂದೆರಡನ್ನಾದರೂ ಮಂಡ್ಯ, ಮೈಸೂರು, ಹಾಸನಗಳಂತಹ ಕಡೆ ಹಗಲಿನಲ್ಲಿ ಏರ್ಪಡಿಸಿದರೆ, ತಾಲ್ಲೂಕಿನ ಶಾಲೆಗಳಿಗೆ ನಾಲ್ಕು ಚೆಂಡುಗಳನ್ನೂ ಒಬ್ಬ ಶಿಕ್ಷಕನನ್ನೂ ಕಳುಹಿಸಿದರೆ, ಅದರಿಂದಾಗುವ ವೆಚ್ಚವು ಹೆಚ್ಚಲ್ಲ. ದೊರೆಯುವ ಜನಬಲವೋ ದೊಡ್ಡದು. ಅಭಿಮಾನಿಗಳಾದರೋ ತಮ್ಮ ವಾದವನ್ನು ಸಭ್ಯತೆಯ ಮೇರೆಯೊಳಗೆ ಇಟ್ಟುಕೊಳ್ಳಬೇಕು. ಎದುರಾಳಿ ಯಾರು, ಪಟ್ಟಿಯಲ್ಲಿ ಅವನ ಸ್ಥಾನವೆಲ್ಲಿ, ಉಳಿದ ಪಂದ್ಯಗಳೆಷ್ಟು, ಅವುಗಳಲ್ಲಿ ತವರಿನವೆಷ್ಟು—ಇಷ್ಟನ್ನು ಎಣಿಸಿ ಮಾತನಾಡುವವನ ಅಸಮಾಧಾನಕ್ಕೆ ಬೆಲೆಯುಂಟು. ಎರಡು ವಾರ ಮೊದಲು ಹೊಗಳಿದ ಗೋಲಿಯನ್ನೇ ಇಂದು ತಾಯಿತಂದೆಗಳ ಹೆಸರೆತ್ತಿ ಬಯ್ಯುವವನ ಮಾತಿಗೆ ಬೆಲೆಯಿಲ್ಲ. ಅಂತೆಯೇ ಇನ್ನೂ ಐದು ಪಂದ್ಯಗಳು ಉಳಿದಿರುವಾಗಲೇ ಅಂತಿಮ ಪಂದ್ಯದ ಟಿಕೀಟಿನ ಮಾತೆತ್ತುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಈ ವಾದವು ನಡೆಯುತ್ತಿರುವುದೇ ಒಂದು ಭಾಗ್ಯವೆಂಬುದು ೨೦೨೫ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಲೀಗಿನ ವಾಣಿಜ್ಯಾಧಿಕಾರದ ಕರಾರು ನವೀಕರಣವಾಗದೆ, ಅಂತಿಮ ಪಂದ್ಯವನ್ನಾಡಿದ ನಾಲ್ಕೇ ತಿಂಗಳಲ್ಲಿ, ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರು ತಂಡವು ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿದಿರುವುದಾಗಿ ಪ್ರಕಟಿಸಬೇಕಾಯಿತು. ಶರತ್ಕಾಲದಲ್ಲಿ ಆರಂಭವಾಗಬೇಕಾಗಿದ್ದ ಋತುವು ಆ ವರ್ಷ ಮುಗಿದರೂ ಆರಂಭವಾಗದೆ, ೨೦೨೬ರ ಫೆಬ್ರವರಿಗೆ ಮುಂದೆಹೋಯಿತು. ಆ ತಿಂಗಳುಗಳಲ್ಲಿ ಸಮಕ್ಕೆ ಸಮಾಧಾನಪಡುವ ಪಕ್ಷವೂ ಇರಲಿಲ್ಲ, ಸಿಡಿಮಿಡಿಗೊಳ್ಳುವ ಪಕ್ಷವೂ ಇರಲಿಲ್ಲ; ವಾದಿಸಲು ಲೀಗಿನ ಪಂದ್ಯವೇ ಇರಲಿಲ್ಲ. ಹಣದ ಕರಾರಿನಿಂದ ನಿಂತ ಆಟವು ಹಣದ ಕರಾರು ಮುಗಿದೊಡನೆ ಕುಸಿಯುವುದು ಸಹಜ. ಜನರ ಆದರದಿಂದ ನಿಂತ ಆಟವಾದರೆ ಅಷ್ಟು ಸುಲಭವಾಗಿ ಕುಸಿಯದು.

ಆದುದರಿಂದ ನಮ್ಮ ತರುಣರಿಗೆ ನಾವು ಹೇಳತಕ್ಕದ್ದಿಷ್ಟೆ. ತಂಡವು ಹೊರನೆಲದಿಂದ ಒಂದು ಅಂಕವನ್ನು ತಂದಾಗ ಧಾರಾಳವಾಗಿ ವಾದಿಸಿರಿ. ಆದರೆ ಲೆಕ್ಕವನ್ನು ಕೈಯಲ್ಲಿ ಹಿಡಿದು ವಾದಿಸಿರಿ. ಬೆಂಗಳೂರಿನಲ್ಲಿರುವವರು ಮುಂದಿನ ತವರಿನ ಪಂದ್ಯದ ದಿನ ತಮ್ಮ ಆಸನವನ್ನು ಖಾಲಿ ಬಿಡದಿರಲಿ. ಆಗುವುದಾದರೆ, ಊರಿನಿಂದ ಬರುವ ಒಬ್ಬ ಅಭಿಮಾನಿಗೆ ಆ ರಾತ್ರಿ ಮಲಗಲು ಮನೆಯ ಜಗಲಿಯನ್ನು ಕೊಡಲಿ. ಪರದೆಯ ಮೇಲೆ ಮಾತ್ರವೇ ಪಂದ್ಯವನ್ನು ಕಂಡ ಗೋವಿಂದನಹಳ್ಳಿಯ ಹುಡುಗನು ಒಂದು ದಿನ ಕಂಠೀರವದ ಹಸುರು ನೆಲವನ್ನು ಕಣ್ಣಾರೆ ಕಂಡು ಬಂದನೆಂದರೆ, ಅವನ ಊರಿನ ಬಯಲಿನಲ್ಲಿ ಮರುದಿನವೇ ಚೆಂಡು ಉರುಳುವುದು.